ಹಡಗಿಗೆ ಬಾರದ ಹದಿನಾಲ್ಕನೇ ತಾರೀಕು

ಅಂಕೋಲಾದ ಒಂದು ಪುಟ್ಟ ಮನೆಯ ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿದ್ದವು...

ಒಂದು ಮನೆಯದು. ಇನ್ನೊಂದು ಅಪ್ಪನದು.

ಅಪ್ಪ ಉಲ್ಲಾಸ ನಾಯ್ಕ ಸರಕು ಹಡಗಿನಲ್ಲಿ ಅಡುಗೆಯವರು. ಹಡಗು ಸಾಗಿದಂತೆಲ್ಲ ಅಲ್ಲಿನ ಹೊತ್ತು ಬದಲಾಗುತ್ತದೆ. ವಾರಕ್ಕೊಮ್ಮೆ ಫೋನ್ ಮಾಡಿದಾಗ, "ಮಗಾ, ಈ ಸಲ ಎರಡು ಗಂಟೆ ಹಿಂದೆ ತಿರುಗ್ಸು" ಎನ್ನುತ್ತಿದ್ದರು.

ಮಗಳು ತನುಜಾ ಸ್ಟೂಲ್ ಹತ್ತಿ ಮುಳ್ಳು ತಿರುಗಿಸುತ್ತಿದ್ದಳು. ಆಮೇಲೆ ವಾರವಿಡೀ ಅದೇ ಸುದ್ದಿ...

"ಆಯಿ, ಈಗ ಅಪ್ಪ ದೋಸೆ ಹುಯ್ತಾ ಇರ್ತಾನೆ!"

"ನಿನ್ನ ತಟ್ಟೆಯಲ್ಲಿರೋ ದೋಸೆ ಮೊದ್ಲು ಮುಗ್ಸು ಮಾರಾಯ್ತಿ" ಎಂದು ತಾಯಿ ಸುಮಂಗಲಾ ನಗುತ್ತಿದ್ದರು.

ಹಡಗಿನ ಅಡುಗೆಮನೆಯಲ್ಲೂ ಒಂದು ಗಡಿಯಾರವಿತ್ತು. ಅದರಲ್ಲಿ ಸದಾ ಅಂಕೋಲಾದ ಹೊತ್ತು. ತನುಜಾಳೇ ಟವೆಲ್‌ನಲ್ಲಿ ಸುತ್ತಿ ಕೊಟ್ಟು ಕಳುಹಿಸಿದ್ದು.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಅವಳಿಗೆ ಹತ್ತು ವರ್ಷ. ಹಿಂದಿನ ಎರಡು ಹುಟ್ಟುಹಬ್ಬಕ್ಕೂ ಅಪ್ಪನ ಫೋನ್ ಬಂದಿರಲಿಲ್ಲ.

"ಈ ಸಲನೂ ಫೋನ್ ಬರ್ಲಿಲ್ಲ ಅಂದ್ರೆ ನಿನ್ನ ಹತ್ರ ಮಾತೇ ಆಡೂದಿಲ್ಲ ನೋಡು ಅಪ್ಪಾ..." ಎಂದು ತನುಜಾ ಮೊದಲೇ ಹೇಳಿಟ್ಟಿದ್ದಳು.

ಅವರ ಹಡಗಿನಲ್ಲಿ ಮನೆಗೆ ಮಾತನಾಡಲು ಇದ್ದದ್ದು ಒಂದೇ ಸ್ಯಾಟಲೈಟ್ ಫೋನ್. ಗೋಡೆಯ ಹಾಳೆಯಲ್ಲಿ ತಾರೀಕಿನ ಕೆಳಗೆ ಹೆಸರು ಬರೆಯಬೇಕು. ಒಬ್ಬರಿಗೆ ಇಪ್ಪತ್ತು ನಿಮಿಷ.

ಉಲ್ಲಾಸ ಎರಡು ವಾರ ಮೊದಲೇ ಹದಿನಾಲ್ಕರ ಕೆಳಗೆ ತಮ್ಮ ಹೆಸರು ಬರೆದಿಟ್ಟಿದ್ದರು.

ಆದರೆ ಹದಿಮೂರರ ಸಂಜೆ ಕ್ಯಾಪ್ಟನ್ ಬಂದು, ಹದಿನಾಲ್ಕನೇ ತಾರೀಕನ್ನೇ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು!

ಪೆಸಿಫಿಕ್ ಸಾಗರದ ನಡುವೆ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಅಮೆರಿಕದ ಕಡೆಯಿಂದ ಅದನ್ನು ದಾಟಿ ಬರುವ ಹಡಗು ಒಂದು ತಾರೀಕನ್ನು ಬಿಟ್ಟುಬಿಡಬೇಕು. ಹದಿಮೂರರಂದು ಮಲಗಿದವರು ಹದಿನೈದಕ್ಕೆ ಏಳುತ್ತಾರೆ...

ಇದುವರೆಗೆ ಗಲ್ಫ್, ಆಫ್ರಿಕಾ ಎಂದು ಓಡಾಡಿದ್ದ ಉಲ್ಲಾಸರಿಗೆ ಇದು ಗೊತ್ತೇ ಇರಲಿಲ್ಲ. ಮುಂದಿನ ಐದು ದಿನದ ಹಾಳೆ ತುಂಬಿಹೋಗಿತ್ತು. ಸರದಿ ಬಿಟ್ಟುಕೊಡಿ ಎಂದು ಯಾರನ್ನೂ ಕೇಳಲು ಬಾಯಿ ಬರಲಿಲ್ಲ.

ಇತ್ತ ಅಂಕೋಲಾದಲ್ಲಿ ಹದಿನಾಲ್ಕರ ಸಂಜೆ... ಹೊಸ ಫ್ರಾಕ್, ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿ. ಅಪ್ಪನ ಪಾಲಿಗೆಂದು ತನುಜಾ ಎರಡು ಪಾತೋಳಿ ತೆಗೆದಿಟ್ಟಿದ್ದಳು.

ಏಳಾಯಿತು... ಎಂಟಾಯಿತು... ಫೋನ್ ಸದ್ದಿಲ್ಲ.

ಒಂಬತ್ತಕ್ಕೆ ಅವಳು ಸ್ಟೂಲ್ ಹತ್ತಿದಳು. ಅಪ್ಪನ ಗಡಿಯಾರ ಇಳಿಸಿ, ಬ್ಯಾಟರಿ ಕಿತ್ತು ಮೇಜಿನ ಮೇಲಿಟ್ಟಳು.

"ತನೂ... ಬೇಡ್ವೇ..."

"ಅವನಿಗೆ ನನ್ನ ನೆನಪೇ ಇಲ್ಲ ಆಯಿ. ಅವನ ಹೊತ್ತು ನನಗ್ಯಾಕೆ?"

ಸುಮಂಗಲಾ ಪಾತೋಳಿ ತಟ್ಟೆಗೆ ಮುಚ್ಚಳ ಮುಚ್ಚಿ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡರು.

ಅದೇ ಹೊತ್ತಿಗೆ ಹಡಗಿನಲ್ಲಿ ಹದಿನೈದರ ಬೆಳಗಿನ ಜಾವ. ಉಲ್ಲಾಸ ಚಪಾತಿ ಹಿಟ್ಟು ನಾದುತ್ತಿದ್ದರು. ಗೋವಾದ ಹಿರಿಯ ಇಂಜಿನಿಯರ್ ಮಿನೇಜಿಸ್ ಡ್ಯೂಟಿಗೆ ಹೋಗುವ ಮುನ್ನ ಚಹಾ ಕುಡಿಯಲು ಬಂದರು.

"ಎಂತ ಉಲ್ಲಾಸ, ಈರುಳ್ಳಿ ಹೆಚ್ಚದೇನೇ ಕಣ್ಣಲ್ಲಿ ನೀರಾ?"

"ಮಗಳ ಹುಟ್ಟಿದ ದಿನ ಕಳೆದೇ ಹೋಯ್ತು ಸರ್... ನೋಡಿ, ಊರಲ್ಲಿ ಈಗ ರಾತ್ರಿ ಒಂಬತ್ತೂಕಾಲು. ಹದಿನೈದೂ ಮುಗೀತಾ ಬಂತು."

ಮಿನೇಜಿಸ್ ಗೋಡೆಯ ಮೇಲಿನ ಅಂಕೋಲಾದ ಗಡಿಯಾರ ನೋಡಿದರು.

"ನಿನ್ನೆ ಈ ಹೊತ್ತಿಗೆ ನಿನ್ನ ಊರಲ್ಲಿ ಎಷ್ಟು ತಾರೀಕಿತ್ತು?"

"ಹದಿಮೂರು."

"ಆಮೇಲೆ ಈ ಗಡಿಯಾರ ಎಷ್ಟು ಸುತ್ತು ಸುತ್ತಿದೆ?"

"ಎರಡು..."

"ಎರಡು ಸುತ್ತು ಅಂದ್ರೆ ಒಂದೇ ದಿನ ಅಲ್ವೇನೋ ಹುಚ್ಚಪ್ಪಾ! ಗೆರೆ ದಾಟಿದ್ದು ನಾವು, ನಿನ್ನ ಮಗಳಲ್ಲ. ಅಲ್ಲಿ ಇನ್ನೂ ಹದಿನಾಲ್ಕೇ!"

ಉಲ್ಲಾಸರ ಕೈ ಹಿಟ್ಟಿನಲ್ಲೇ ನಿಂತಿತು.

"ಇವತ್ತಿನ ಮೊದಲ ಹೆಸರು ನಂದು. ನನ್ನ ಸರದಿ ನೀನು ತಗೋ."

"ಮತ್ತೆ ನಿಮ್ಮ ಮನೆಗೆ?"

"ನನ್ನ ಮಗಳೂ ಸಣ್ಣವಳಿದ್ದಾಗ ಹೀಗೇ ಕಾಯ್ತಿದ್ದಳು... ಈಗ ಅವಳಿಗೆ ಕೆಲಸ, ಸ್ನೇಹಿತರು. ಯಾರು ಕಾಯ್ತಾರೆ ಮಾರಾಯ? ಹೋಗು, ಹೋಗು."

ಒಂಬತ್ತೂವರೆಗೆ ಅಂಕೋಲಾದಲ್ಲಿ ಫೋನ್ ರಿಂಗಾಯಿತು...

"ಮಗಾ... ಹುಟ್ಟುಹಬ್ಬದ ಶುಭಾಶಯ..."

ತನುಜಾ ಮೊದಲು ಅತ್ತಳು. ಆಮೇಲೆ ಜಗಳಕ್ಕೆ ನಿಂತಳು. ಅಪ್ಪ ಎಲ್ಲವನ್ನೂ ಬಿಡಿಸಿ ಹೇಳಿದರು.

"ಹದಿನಾಲ್ಕು ಬರ್ಲೇ ಇಲ್ವಾ? ಹಾಗಾದ್ರೆ ನಿನ್ನ ಹಡಗಿನ ಲೆಕ್ಕದಲ್ಲಿ ನನಗಿನ್ನೂ ಒಂಬತ್ತೇ ವರ್ಷವಾ?"

ಅಪ್ಪ ಮಗಳು ಇಬ್ಬರೂ ನಕ್ಕರು. ಮಿನೇಜಿಸ್ ತಮ್ಮ ಸರದಿ ಬಿಟ್ಟುಕೊಟ್ಟದ್ದನ್ನೂ, ಮಗಳ ಬಗ್ಗೆ 'ಯಾರು ಕಾಯ್ತಾರೆ' ಎಂದದ್ದನ್ನೂ ಕೇಳಿ ಹುಡುಗಿ ಪೆನ್ನು ಎತ್ತಿಕೊಂಡಳು.

"ಅಪ್ಪಾ... ಅವರ ಮಗಳಿದ್ದಾರಲ್ಲ, ಆ ಅಕ್ಕನ ನಂಬರ್ ಕೇಳಿ ಕೊಡು. ಅವರಿಗೆ ನಾನು ಹೇಳ್ತೇನೆ."

ಅಪ್ಪನ ಫೋನ್ ಇಟ್ಟ ಕೂಡಲೇ ತನುಜಾ ಗೋವಾದ ಮಡಗಾಂವ್‌ನಲ್ಲಿದ್ದ ಆ ಅಕ್ಕನಿಗೆ ಫೋನ್ ಮಾಡಿದಳು. ಅರ್ಧ ಕೊಂಕಣಿ, ಅರ್ಧ ಕನ್ನಡ... "ಅಕ್ಕಾ, ನಿಮ್ಮ ಅಪ್ಪ ಅವರ ಇಪ್ಪತ್ತು ನಿಮಿಷ ನನಗೆ ಕೊಟ್ರು. ಸಿಟ್ಟಾಗ್ಬೇಡಿ."

ಆ ಕಡೆಯಿಂದ ಅಕ್ಕನ ದನಿ...

"ಸಿಟ್ಟಿಲ್ಲ ಪುಟ್ಟಾ. ಇವತ್ತು ಅಪ್ಪನ ಸರದಿ ಅಂತ ಗೊತ್ತಿತ್ತು. ಸಂಜೆಯಿಂದ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ಅಪ್ಪ ಚೆನ್ನಾಗಿದ್ದಾರೆ ಅಂತ ಗೊತ್ತಾಯ್ತಲ್ಲ... ಅಷ್ಟು ಸಾಕು."

ಮುಂದಿನ ವಾರ ಅಪ್ಪನ ಫೋನ್ ಬಂದಾಗ ತನುಜಾ ಮೊದಲು ಹೇಳಿದ್ದು ಒಂದೇ ಮಾತು... "ಅಪ್ಪಾ, ಮಿನೇಜಿಸ್ ಅಂಕಲ್‌ಗೆ ಹೇಳು, ಅಕ್ಕ ಈಗಲೂ ಕಾಯ್ತಾರೆ!"

ಆ ಮಾತು ಕೇಳಿದ ಮಿನೇಜಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಚಹಾ ಅರ್ಧಕ್ಕೇ ಬಿಟ್ಟು ಹಾಳೆಯ ಹತ್ತಿರ ಹೋಗಿ, ಮೊದಲು ಸಿಕ್ಕ ಖಾಲಿ ಜಾಗದಲ್ಲಿ ತಮ್ಮ ಹೆಸರು ಬರೆದರು.

ಅಂದಹಾಗೆ, ಹುಟ್ಟುಹಬ್ಬದ ಆ ರಾತ್ರಿಯೇ ಅಪ್ಪನ ಗಡಿಯಾರಕ್ಕೆ ಬ್ಯಾಟರಿ ವಾಪಸ್ ಬಂದಿತ್ತು. ಅಪ್ಪನ ಪಾಲಿನ ಪಾತೋಳಿಯನ್ನು ತಾಯಿ, ಮಗಳು ಒಂದೊಂದು ತಿಂದು ಮಲಗಿದ್ದರು...

*ದೂರದವರ ಹೊತ್ತು ನಮ್ಮ ಹೊತ್ತಿಗೆ ಸೇರದಿರಬಹುದು... ಆದರೆ ಕಾಯುವ ಮನಸ್ಸಿಗೆ ಯಾವ ಗೆರೆಯೂ ಇಲ್ಲ.*

"ಈಗ ಯಾರು ಕಾಯ್ತಾರೆ" ಎಂದುಕೊಂಡು ನೀವು ಫೋನ್ ಮಾಡದೆ ಬಿಟ್ಟವರು ಯಾರಾದರೂ ಇದ್ದಾರೆಯೇ? ಅವರ ಊರಲ್ಲಿ ಈಗ ಎಷ್ಟು ಗಂಟೆ?