ತಲೆ ಆಡಿಸುವ ಕೆಲಸ

ಕ್ಲಾಸಿನ ನಡುವೆಯೇ ಗಣಿತದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಪಕ್ಕದ ಕೋಣೆಗೆ ಹೋದರು. “ಸ್ವಲ್ಪ ಬಂದು ನನ್ನೆದುರು ಕೂತ್ಕೋ,” ಎಂದರು ಹೆಂಡತಿಗೆ. “ಈ ಫೋನಿಗೆ ಪಾಠ ಹೇಳೋದು ನನ್ನ ಕೈಲಾಗಲ್ಲ.”

ಶಾಲೆಯ ಚಾವಣಿ ರಿಪೇರಿ ಮುಗಿಯುವವರೆಗೆ ಆನ್‌ಲೈನ್ ಕ್ಲಾಸು. ಫೋನಿನಲ್ಲಿ ನಲವತ್ತೆರಡು ಮಕ್ಕಳಿದ್ದರು. ಕ್ಯಾಮೆರಾ ಮಾತ್ರ ಒಬ್ಬರೂ ಹಾಕಿರಲಿಲ್ಲ. ಮೂವತ್ತು ವರ್ಷ ಮುಖ ನೋಡಿಯೇ ಪಾಠ ಮಾಡಿದ ಮೇಷ್ಟ್ರು ಕಪ್ಪು ಚೌಕಗಳೆದುರು ತಡವರಿಸುತ್ತಿದ್ದರು. ಹೀಗೇ ಆದರೆ ಬೇರೆ ಯಾರದೋ ಪಾಠದ ವಿಡಿಯೋ ಹಾಕಿಬಿಡುತ್ತೇನೆ ಎಂದು ಹೆಡ್‌ಮಿಸ್ ಬೆಳಿಗ್ಗೆಯಷ್ಟೇ ಹೇಳಿದ್ದರು.

ಹೆಂಡತಿ ಹೊಲಿಗೆ ಕೆಲಸದವಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಅರ್ಧ ಹೊಲಿದ ಅಂಗಿ ಸಮೇತ ಬಂದು ಕೂತಳು.

“ನೀನು ತಲೆ ಆಡಿಸ್ತಾ ಇದ್ರೆ ಸಾಕು.”

ಎದುರಿಗೊಂದು ಮುಖ ಸಿಕ್ಕಿದ್ದೇ ತಡ, ಮೇಷ್ಟ್ರ ದನಿಗೆ ಕಳೆ ಬಂತು. “ಭಿನ್ನರಾಶಿಯ ಭಾಗಾಕಾರ. ಎರಡನೇದನ್ನ ತಲೆಕೆಳಗು ಮಾಡಿ, ಗುಣಿಸಿಬಿಡಿ. ಅಷ್ಟೇ.”

ತಲೆ ಆಡಲಿಲ್ಲ. “ಯಾಕೆ ತಲೆಕೆಳಗು ಮಾಡ್ಬೇಕು?” ಎಂದಳು ಹೆಂಡತಿ.

“ಅದು ನಿಯಮ.”

“ಯಾರು ಮಾಡಿದ್ದು?”

ಮೈಕ್ ಆಫ್ ಮಾಡೋಣವೆಂದು ಮೇಷ್ಟ್ರು ಕೈ ಚಾಚಿದರು. ಎಲ್ಲಿ ಒತ್ತಬೇಕೋ ತಿಳಿಯದೆ ಹಿಂದೆಗೆದರು. ಮೂವತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಹೆಂಡತಿಯ ಕೊರಳಿನ ಟೇಪನ್ನೇ ಎಳೆದುಕೊಂಡರು.

“ಒಂದು ಮೀಟರ್ ಬಟ್ಟೇಲಿ ಕಾಲು ಮೀಟರಿನ ತುಂಡು ಎಷ್ಟು ಬರುತ್ತೆ?”

“ನಾಲ್ಕು.”

“ಅರ್ಧ ಮೀಟರಲ್ಲಿ?”

“ಅದರರ್ಧ. ಎರಡು.”

“ನೋಡು, ನಾಲ್ಕನೇ ಒಂದನ್ನ ತಲೆಕೆಳಗು ಮಾಡಿದ್ರೆ ನಾಲ್ಕು. ಅರ್ಧಾನ ನಾಲ್ಕರಿಂದ ಗುಣಿಸಿದೆ, ಎರಡು ಬಂತು.”

“ಮೊದಲೇ ಹೀಗೆ ಹೇಳೋದಕ್ಕೇನಾಗಿತ್ತು?”

“ನನಗೂ ಈಗಲೇ ಹೊಳೆದದ್ದು ಮಾರಾಯ್ತಿ.”

ಫೋನಿನಿಂದ ಕಿಸಕ್ಕನೆ ನಗು ಕೇಳಿತು. ಕಪ್ಪು ಚೌಕವೊಂದರಲ್ಲಿ ಮುಖ ಮೂಡಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. “ನಮಗೂ ಅದೇ ಡೌಟಿತ್ತು ಆಂಟಿ,” ಎಂದಿತು ಒಂದು ದನಿ. ಹೆಡ್‌ಮಿಸ್ ಮತ್ತೆ ವಿಡಿಯೋದ ಮಾತೆತ್ತಲಿಲ್ಲ. ಆರು ವಾರ ಹೆಂಡತಿ ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ತಲೆಯನ್ನಂತೂ ಸುಲಭಕ್ಕೆ ಆಡಿಸಲಿಲ್ಲ.

ಚಾವಣಿ ಕೆಲಸ ಮುಗಿದು ಶಾಲೆ ತೆರೆಯಿತು. ನಿಜವಾದ ಬೆಂಚು, ನಿಜವಾದ ಮುಖಗಳು. ಮೇಷ್ಟ್ರು ಹಳೆಯ ಹುರುಪಿನಲ್ಲಿ ಕರಿಹಲಗೆ ತುಂಬಾ ಬರೆದು ತಿರುಗಿದರು.

“ಅರ್ಥ ಆಯ್ತಾ?”

“ಆಯ್ತು ಸಾರ್,” ಎಂದು ಒಂದೇ ದನಿಯಲ್ಲಿ ಕೂಗಿ ಇಡೀ ತರಗತಿ ತಲೆ ಆಡಿಸಿತು. ಮೇಷ್ಟ್ರು ಖುಷಿಯಿಂದ ಪುಸ್ತಕ ಮುಚ್ಚಿದರು.

ಮುಂದಿನ ಬೆಂಚಿನ ಹುಡುಗಿ ಬಾಗಿಲ ಕಡೆ ನೋಡಿ ಮೆಲ್ಲನೆ ಕೇಳಿದಳು: “ಸಾರ್, ಆಂಟಿ ಬರಲ್ವಾ?”