ಓಮದ ಒಗ್ಗರಣೆ

ಮಗಳ ಹೊಟ್ಟೆನೋವಿಗೆಂದು ಓಮ ಹುರಿಯುವಾಗಲೆಲ್ಲ ನನಗೆ ಆಂಟಾಪ್ ಹಿಲ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಮುಂಬೈಯ ಹೋಟೆಲೊಂದರಲ್ಲಿ ಅಡುಗೆಗಿದ್ದ ಅಪ್ಪ ಫೋನ್ ಎತ್ತುವುದನ್ನೇ ನಿಲ್ಲಿಸಿದಾಗ ಅಮ್ಮ ನನ್ನನ್ನು ಕರೆದುಕೊಂಡು ಉಡುಪಿಯಲ್ಲಿ ರೈಲು ಹತ್ತಿದಳು. ಆ ಹೋಟೆಲಿನವರು "ಕೆಲಸ ಬಿಟ್ಟು ಹೋದ" ಎಂದಷ್ಟೇ ಹೇಳಿದರು. ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಸಾಂಬಾರಿನ ಒಗ್ಗರಣೆಗೆ ಓಮ ಹಾಕುವವನು ಅಪ್ಪ ಒಬ್ಬನೇ ಎಂಬುದು ಅವಳಿಗೆ ಗೊತ್ತಿತ್ತು. ಗೋರೆಗಾಂವ್, ಮುಲುಂಡ್ ಎಂದು ಲೋಕಲ್ ರೈಲು ಹತ್ತಿ ಇಳಿದು, ಕಂಡ ಹೋಟೆಲಿಗೆಲ್ಲ ನುಗ್ಗಿ ಒಂದು ಪ್ಲೇಟ್ ಇಡ್ಲಿ ಹೇಳುತ್ತಿದ್ದಳು. ಇಡ್ಲಿ ನನಗೆ, ಸಾಂಬಾರು ಅವಳಿಗೆ. ಒಂದು ಚಮಚ ಬಾಯಿಗಿಟ್ಟು, "ಇದಲ್ಲ, ನಡಿ" ಎನ್ನುತ್ತಿದ್ದಳು.

ಆ ಮಧ್ಯಾಹ್ನ, ಆಂಟಾಪ್ ಹಿಲ್‌ನ ಚಾಳ್ ವಠಾರವೊಂದರ ಕೆಳಗಿನ ಪುಟ್ಟ ಹೋಟೆಲಿನಲ್ಲಿ, ಅವಳು "ನಡಿ" ಎನ್ನಲಿಲ್ಲ. ಒಲೆಯ ಮುಂದಿದ್ದ ಹೆಂಗಸನ್ನು ಕೇಳಿದಳು:

"ಸಾಂಬಾರಿಗೆ ಓಮ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿಕೊಟ್ಟದ್ದು?"

"ನಮ್ಮ ಯಜಮಾನ್ರು." ಆ ಹೆಂಗಸು ನಾಚಿ ನಕ್ಕಳು. "ನೀವು ಊರಿನವರಾ? ಮಗುವಿಗೆ ಇನ್ನೆರಡು ಇಡ್ಲಿ ಹಾಕ್ಲಾ?"

ಅಮ್ಮ ನಮ್ಮ ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಬಾಗಿಲಿಗೆ ಮುಖ ಮಾಡಿ ಸರಿಯಾಗಿ ಕುಳಿತಳು.

"ಹಾಕಿ," ಎಂದಳು. "ಅವರು ಬರುವವರೆಗೆ ನಾವು ಇಲ್ಲೇ ಕೂತಿರ್ತೇವೆ."