ಶನಿವಾರದ ಕಂತು

ಕೊನೆಯ ಅಧ್ಯಾಯದ ಮೊದಲ ಸಾಲನ್ನು ಓದಲು ತಮ್ಮನು ಬಾಯಿ ತೆರೆದದ್ದೇ ತಡ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಅಕ್ಕ ಅಂಗೈಯನ್ನು ಹಾಳೆಯ ಮೇಲಿಟ್ಟು ಅಕ್ಷರಗಳನ್ನು ಮುಚ್ಚಿಬಿಟ್ಟಳು.

ಬಾಹ್ಯಾಕಾಶ ನೌಕೆಯ ಆ ಧಾರಾವಾಹಿ ಪ್ರತಿ ಶನಿವಾರ ಟಿವಿಯಲ್ಲಿ ಬರಲು ಶುರುವಾಗಿ ವರ್ಷವಾಗುತ್ತಿತ್ತು. ಅದರ ಕಥೆಗಳನ್ನು ಪುಸ್ತಕವಾಗಿ ಬರೆಯುವುದು ತಮ್ಮನ ಕೆಲಸ. ಬಂದ ಐದು ಪುಸ್ತಕಗಳಲ್ಲೂ ತಪ್ಪು ಹೆಕ್ಕುವುದು ಅಕ್ಕನ ಕೆಲಸ. "ಆ ಗ್ರಹಕ್ಕೆ ಎರಡು ಚಂದ್ರ ಕಣೋ, ಒಂದನ್ನ ನುಂಗಿ ನೀರು ಕುಡಿದ್ಯಲ್ಲ!" ಎಂದು ಫೋನಿನಲ್ಲೇ ಬೈಯುತ್ತಿದ್ದಳು. ಈಗ ಕೊನೆಯ ಕಂತಿಗೆ ಇನ್ನೂ ನಾಲ್ಕು ದಿನವಿತ್ತು. ಡಾಕ್ಟರು ಅಕ್ಕನಿಗೆ ಉಳಿದಿರುವುದು ಎರಡೇ ದಿನ ಎಂದಿದ್ದರು. ಪ್ರಸಾರಕ್ಕೆ ಮುಂಚೆ ಯಾರಿಗೂ ತೋರಿಸುವುದಿಲ್ಲವೆಂದು ಟಿವಿಯವರಿಗೆ ಕೊಟ್ಟ ಮಾತನ್ನು ಮುರಿದು, ಅವನು ಕೊನೆಯ ಪುಸ್ತಕದ ಹಸ್ತಪ್ರತಿಯನ್ನು ಚೀಲದಲ್ಲಿ ಬಚ್ಚಿಟ್ಟು ತಂದಿದ್ದ.

"ನೌಕೆ ಮನೆ ಸೇರುತ್ತೋ ಇಲ್ವೋ ಅಂತ ವರ್ಷವಿಡೀ ನನ್ನ ಪ್ರಾಣ ತಿಂದ್ಯಲ್ಲಕ್ಕ. ಈಗ ಬೇಡ್ವಾ?"

"ಬೇಕು. ಆದ್ರೆ ಶನಿವಾರ ಬೇಕು," ಎಂದಳು ಅಕ್ಕ. "ಇವತ್ತೇ ಹೇಳ್ಬಿಟ್ರೆ ನಾಳೆ ಬೆಳಗ್ಗೆ ನಾನು ಯಾತಕ್ಕೆ ಕಣ್ಣು ಬಿಡ್ಲಿ?"

ಅವನು ಹಾಳೆಗಳನ್ನು ಜೋಡಿಸಿ ಮತ್ತೆ ಚೀಲಕ್ಕೆ ಹಾಕಿದ. ಬಾಗಿಲಲ್ಲಿದ್ದ ನರ್ಸನ್ನು ಕೇಳಿದ: "ಸಿಸ್ಟರ್, ಶನಿವಾರ ಸಂಜೆ ಈ ಕೋಣೆಗೊಂದು ಟಿವಿ ತರಬಹುದಾ?"